ಕದ್ದದ್ದೋ, ಕಟ್ಟಿದ್ದೋ?

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ನಾವು ಹಾಕಿದ್ದ ಆರು ಡಿಜಿಟಲ್ ಚಿತ್ರಗಳನ್ನು ನೋಡಿ ನೀವು ಬೇಸರದಿಂದ ಪತ್ರ ಬರೆದಿದ್ದೀರಿ. ಹಳೆಯ ಫೋಟೊ, ಹಳೆಯ ಜಾಹೀರಾತುಗಳನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಜೋಡಿಸಿ, ಬಣ್ಣ ಬದಲಿಸಿ ಮಾಡಿದ ಚಿತ್ರಗಳು ಅವು. ‘ಕುಂಚ ಹಿಡಿಯದವರು ಕಲಾವಿದರು ಹೇಗಾಗುತ್ತಾರೆ? ಬೇರೆಯವರ ಚಿತ್ರ ತಗೊಂಡು ತನ್ನ ಹೆಸರು ಹಾಕಿಕೊಳ್ಳುವುದು ಕಳ್ಳತನ ಅಲ್ವಾ? ಇಂಥ ಚಿತ್ರಕ್ಕೆ ಅಸಲು ಎಲ್ಲಿದೆ? ಇದೆಲ್ಲ ಇಂಟರ್‌ನೆಟ್ ತಂದ ರೋಗ’ ಎಂದಿದ್ದೀರಿ. ಪತ್ರವನ್ನು ನಾಲ್ಕು ಸಲ ಓದಿದೆ. ನಿಮ್ಮ ಒಂದು ಮಾತನ್ನು ನಾನು ಒಪ್ಪುವುದಿಲ್ಲ. ಇನ್ನೊಂದನ್ನು ಬಹಳ ಮಟ್ಟಿಗೆ ಒಪ್ಪುತ್ತೇನೆ.

ಒಪ್ಪದ ಮಾತು ಮೊದಲು. ಇದು ಇಂಟರ್‌ನೆಟ್‌ನಿಂದ ಶುರುವಾದದ್ದಲ್ಲ. 1912ರಲ್ಲಿ ಪಿಕಾಸೊ ಒಂದು ಪುಟ್ಟ ಮೊಟ್ಟೆಯಾಕಾರದ ಚಿತ್ರ ಮಾಡಿದ. ಬಿಚ್ಚಿಟ್ಟ ಪುಸ್ತಕದಷ್ಟೇ ಗಾತ್ರ. ಅದರಲ್ಲಿ ಬೆತ್ತದ ಕುರ್ಚಿಯ ಹೆಣಿಗೆ ಕಾಣುತ್ತದೆ, ಒಂದೊಂದು ಎಳೆಯೂ ಸ್ಪಷ್ಟವಾಗಿ. ಎಷ್ಟು ತಾಳ್ಮೆಯಿಂದ ಬಿಡಿಸಿದ್ದಾನಪ್ಪಾ ಅನಿಸುತ್ತದೆ. ಆದರೆ ಅದನ್ನು ಅವನು ಬಿಡಿಸಲೇ ಇಲ್ಲ. ಬೆತ್ತದ ಹೆಣಿಗೆಯನ್ನು ಅಚ್ಚು ಹಾಕಿದ ಮೇಣಬಟ್ಟೆಯ ತುಂಡು ಅದು. ಕತ್ತರಿಸಿ ಅಂಟಿಸಿದ್ದಾನೆ. ಸುತ್ತಲೂ ಚೌಕಟ್ಟಿನ ಬದಲು ಹಗ್ಗ. ಮೇಲೆ ಕುಂಚದಿಂದ ಬಿಡಿಸಿದ ಗಾಜಿನ ಲೋಟ, ನಿಂಬೆಹಣ್ಣಿನ ಹೋಳು. ಕೈಯಲ್ಲಿ ಬಿಡಿಸಿದ ಲೋಟ ಒಡೆದು ಚೂರಾದ ಹಾಗೆ ಇದೆ, ಗುರುತು ಹಿಡಿಯುವುದೇ ಕಷ್ಟ. ಕಾರ್ಖಾನೆಯಲ್ಲಿ ಅಚ್ಚಾದ ಬೆತ್ತ ಮಾತ್ರ ನಿಜವಾದದ್ದೇ ಅನ್ನುವ ಹಾಗಿದೆ. ಅದು ಬಟ್ಟೆಯ ತುಂಡು ಅಂತ ಗೊತ್ತಾದಾಗ ಚಿತ್ರದ ಬೆಲೆ ನಮ್ಮ ಕಣ್ಣಲ್ಲಿ ಇಳಿಯುವುದಿಲ್ಲ, ಏರುತ್ತದೆ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಫ್ರೆಂಚ್ ಕಲಾವಿದ ಮಾರ್ಸೆಲ್ ಡುಶಾಂಪ್‌ನ ಕಥೆ ನಿಮಗೂ ಗೊತ್ತಿರಬಹುದು. 1917ರಲ್ಲಿ ಪಿಂಗಾಣಿಯ ಮೂತ್ರದ ಬೋಗುಣಿಗೆ ‘ಆರ್. ಮಟ್’ ಎಂದು ಸಹಿ ಹಾಕಿ ನ್ಯೂಯಾರ್ಕಿನ ಒಂದು ಕಲಾಪ್ರದರ್ಶನಕ್ಕೆ ಕಳಿಸಿದ. ಶುಲ್ಕ ಕಟ್ಟಿದ ಯಾರ ಕೃತಿಯನ್ನೂ ಬೇಡ ಅನ್ನುವುದಿಲ್ಲ ಎಂದಿದ್ದ ಸಂಘ ಅದನ್ನು ಮಾತ್ರ ಪ್ರದರ್ಶನದಲ್ಲಿ ಇಡಲಿಲ್ಲ. ಮೂಲ ಬೋಗುಣಿ ಕಳೆದೇಹೋಯಿತು. ಉಳಿದದ್ದು ಆಲ್ಫ್ರೆಡ್ ಸ್ಟೀಗ್ಲಿಟ್ಸ್ ತೆಗೆದ ಫೋಟೊ, ಆಮೇಲೆ ಮಾಡಿಸಿದ ಪ್ರತಿಗಳು. ಡಿಜಿಟಲ್ ಚಿತ್ರಕ್ಕೆ ‘ಅಸಲು’ ಎಲ್ಲಿದೆ ಎಂದು ಕೇಳುತ್ತೀರಲ್ಲ, ಆ ಪ್ರಶ್ನೆಗೂ ಇಷ್ಟೇ ವಯಸ್ಸು.

ಆದರೆ ನನಗೆ ಇವರಿಬ್ಬರಿಗಿಂತ ಹತ್ತಿರದವಳು ಜರ್ಮನಿಯ ಕಲಾವಿದೆ ಹಾನ್ನಾ ಹೋಖ್. ಬರ್ಲಿನ್ನಿನ ಒಂದು ದೊಡ್ಡ ಪ್ರಕಾಶನ ಸಂಸ್ಥೆಯಲ್ಲಿ ಹೆಂಗಸರ ಪತ್ರಿಕೆಗಳಿಗೆ ಕಸೂತಿ ಮತ್ತು ಲೇಸಿನ ವಿನ್ಯಾಸ ಮಾಡಿಕೊಡುವುದು ಆಕೆಯ ಕೆಲಸ. ಅಂಥ ಪತ್ರಿಕೆಗಳನ್ನೇ ಕತ್ತರಿಸಿ 1919ರ ಸುಮಾರಿಗೆ ಒಂದು ದೊಡ್ಡ ಫೋಟೊಮಾಂಟಾಜ್, ಅಂದರೆ ಫೋಟೊ ತುಂಡುಗಳನ್ನು ಜೋಡಿಸಿದ ಚಿತ್ರ, ಕಟ್ಟಿದಳು. ಅದರ ಹೆಸರಿನಲ್ಲೇ ಅಡುಗೆಮನೆಯ ಚಾಕು ಇದೆ. ರಾಜಕಾರಣಿಗಳ ತಲೆಗಳು, ಕುಣಿಯುವವರ ಮೈಗಳು, ಯಂತ್ರದ ಚಕ್ರಗಳು, ಜನಜಂಗುಳಿ, ಅಕ್ಷರಗಳು, ಎಲ್ಲ ಒಂದರ ಮೇಲೊಂದು. ಸುಮ್ನೆ ನೋಡಿದರೆ ಗೊಂದಲ. ಈಗ ಕೆಳಗಿನ ಬಲಮೂಲೆಗೆ ಬನ್ನಿ. ಅಲ್ಲೊಂದು ಚಿಕ್ಕ ಭೂಪಟದ ತುಂಡು. ಹೆಂಗಸರಿಗೆ ಮತದ ಹಕ್ಕು ಸಿಕ್ಕಿದ್ದ ಯುರೋಪಿನ ದೇಶಗಳನ್ನು ತೋರಿಸುವ ಭೂಪಟ. ಪಕ್ಕದಲ್ಲಿ ಹೋಖ್ ತನ್ನದೇ ಪುಟ್ಟ ಮುಖ ಅಂಟಿಸಿಕೊಂಡಿದ್ದಾಳೆ. ಚಿತ್ರದಲ್ಲಿ ಒಂದು ತುಂಡೂ ಆಕೆ ಬಿಡಿಸಿದ್ದಲ್ಲ. ಆದರೂ ಆ ಮೂಲೆಯನ್ನು ಇನ್ಯಾರೂ ಮಾಡಲಾರರು. ಇಂದು ಪರದೆಯ ಮೇಲೆ ಕತ್ತರಿಸಿ ಅಂಟಿಸುವವರೆಲ್ಲ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಆಕೆಯ ಮೇಜಿನ ಮುಂದೆ ಕೂತವರೇ.

ಕುಂಚದ ಮಾತು ಬಿಡುವ ಮೊದಲು ಕಂಪ್ಯೂಟರಿನದೊಂದು ವಿಷಯ ಹೇಳಬೇಕು. ಮೈಕೆಲ್ ನಾಲ್ ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಕೇಂದ್ರದಲ್ಲಿದ್ದ ಎಂಜಿನಿಯರ್. ಡಚ್ ಚಿತ್ರಕಾರ ಪಿಯೆಟ್ ಮೊಂಡ್ರಿಯಾನ್ 1917ರಲ್ಲಿ ಬರೇ ಅಡ್ಡಗೆರೆ, ಉದ್ದಗೆರೆಗಳಿಂದ ಮಾಡಿದ್ದ ಒಂದು ಚಿತ್ರವನ್ನು ಇಟ್ಟುಕೊಂಡು, 1964ರಲ್ಲಿ ಅಂಥದ್ದೇ ಇನ್ನೊಂದನ್ನು ಕಂಪ್ಯೂಟರಿನಿಂದ ಮಾಡಿಸಿದರು. ಎರಡರ ಪ್ರತಿಗಳನ್ನೂ 100 ಜನರಿಗೆ ತೋರಿಸಿದರು. 59 ಜನಕ್ಕೆ ಕಂಪ್ಯೂಟರಿನದೇ ಜಾಸ್ತಿ ಹಿಡಿಸಿತು. ಯಾವುದು ಯಂತ್ರದ್ದು ಎಂದು ಸರಿಯಾಗಿ ಗುರುತಿಸಿದವರು 28 ಜನ ಮಾತ್ರ. ಇದನ್ನು ಯಂತ್ರದ ಗೆಲುವು ಅಂತ ಹೇಳುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಒಂದು ಚಿತ್ರಕ್ಕೆ ಗೆರೆಗಳಷ್ಟೇ ಸಾಕು ಎಂದು ನಿರ್ಧರಿಸಿದ್ದು ಮೊಂಡ್ರಿಯಾನ್. ಮರ, ಮನೆ, ಸಮುದ್ರ ಎಲ್ಲವನ್ನೂ ಬಿಡುತ್ತಾ ಬಿಡುತ್ತಾ ಅವನು ಅಲ್ಲಿಗೆ ಬಂದಿದ್ದ. ಅವನು ಅದನ್ನು ಮಾಡದೇ ಇದ್ದಿದ್ದರೆ ಯಂತ್ರಕ್ಕೆ ಏನು ಮಾಡು ಎಂದು ಹೇಳಲು ನಾಲ್ ಅವರ ಹತ್ತಿರ ಏನೂ ಇರುತ್ತಿರಲಿಲ್ಲ. 1968ರಿಂದ ಅಮೆರಿಕದ ಕಲಾವಿದ ಸಾಲ್ ಲೆವಿಟ್ ಇದನ್ನೇ ಇನ್ನೊಂದು ತುದಿಯಿಂದ ಮಾಡಿದ. ಗೋಡೆಯ ಮೇಲೆ ಗೆರೆ ಎಳೆಯಲು ಸೂಚನೆ ಬರೆದುಕೊಡುತ್ತಿದ್ದ, ಬೇರೆಯವರು ಎಳೆಯುತ್ತಿದ್ದರು. ಪ್ರೋಗ್ರಾಂ ಬರೆದು ಚಿತ್ರ ಮಾಡುವ ಇಂದಿನವರ ಕೆಲಸಕ್ಕೂ ಅದಕ್ಕೂ ಬಹಳ ದೂರವಿಲ್ಲ.

ಈಗ ಕಳ್ಳತನದ ಮಾತು. ಇಲ್ಲಿ ನೀವು ಕೈ ಇಟ್ಟಿದ್ದು ಸರಿಯಾದ ಜಾಗಕ್ಕೆ.

1981ರಲ್ಲಿ ಶೆರಿ ಲೆವೀನ್ ಎಂಬ ಕಲಾವಿದೆ ಹೆಸರಾಂತ ಫೋಟೊಗ್ರಾಫರ್ ವಾಕರ್ ಇವಾನ್ಸ್‌ನ ಫೋಟೊಗಳನ್ನು ಒಂದು ಪುಸ್ತಕದಿಂದ ಹಾಗೆಹಾಗೇ ಮತ್ತೆ ಫೋಟೊ ತೆಗೆದು ಗ್ಯಾಲರಿಯಲ್ಲಿ ತೂಗುಹಾಕಿದರು. ಏನೂ ಸೇರಿಸಲಿಲ್ಲ. ಕೇಳಿದರೆ ಶುದ್ಧ ಕಳ್ಳತನ ಅನಿಸುತ್ತದೆ. ಆದರೆ ಅವರು ಕೊಟ್ಟ ಹೆಸರೇ ‘ವಾಕರ್ ಇವಾನ್ಸ್‌ನ ನಂತರ’ ಅಂತ. ಎಲ್ಲಿಂದ ತಂದದ್ದು ಎಂಬುದನ್ನು ಹಣೆಯ ಮೇಲೇ ಬರೆದಿದ್ದರು. 2001ರಲ್ಲಿ ಮೈಕೆಲ್ ಮ್ಯಾಂಡಿಬರ್ಗ್ ಎಂಬ ಕಲಾವಿದ ಅವೇ ಫೋಟೊಗಳನ್ನು ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಹಾಕಿದರು. ಯಾರು ಬೇಕಾದರೂ ಮುದ್ರಿಸಿಕೊಳ್ಳಬಹುದು, ಜೊತೆಗೆ ‘ಇದು ಅಸಲಿ’ ಎನ್ನುವ ಪ್ರಮಾಣಪತ್ರವೂ ಸಿಗುತ್ತಿತ್ತು. ಅಲ್ಲೂ ಲೆವೀನ್ ಹೆಸರು ಮುಚ್ಚಿಡಲಿಲ್ಲ. ಮೂಲ ಗೊತ್ತಿಲ್ಲದಿದ್ದರೆ ಈ ಎರಡೂ ಕೃತಿಗಳಿಗೆ ಅರ್ಥವೇ ಇಲ್ಲ.

ಇನ್ನೊಂದು ಬಗೆ ನೋಡಿ. ರಾಯ್ ಲಿಕ್ಟನ್‌ಸ್ಟೈನ್ 1963ರಲ್ಲಿ ಮಾಡಿದ ಯುದ್ಧವಿಮಾನದ ಚಿತ್ರ ಸುಮಾರು ನಾಲ್ಕು ಮೀಟರ್ ಅಗಲ, ಜಾಹೀರಾತು, ಕಾಮಿಕ್ಸ್‌ಗಳನ್ನೇ ಕಲೆಗೆ ತಂದ ಪಾಪ್ ಆರ್ಟ್‌ನ ಹೆಮ್ಮೆ. ಅದು ಹಿಂದಿನ ವರ್ಷದ ಒಂದು ಕಾಮಿಕ್ಸ್ ಪುಟದಿಂದ ಎತ್ತಿದ್ದು. ಪುಟ ಬಿಡಿಸಿದವರು ಇರ್ವ್ ನೋವಿಕ್. ಲಿಕ್ಟನ್‌ಸ್ಟೈನ್ ಹೆಸರು ಬಲ್ಲವರಲ್ಲಿ ಎಷ್ಟು ಮಂದಿ ನೋವಿಕ್ ಹೆಸರು ಕೇಳಿದ್ದಾರೆ? ನನಗೆ ಆ ಚಿತ್ರ ಇಷ್ಟ. ಆದರೂ ಅದರ ಮುಂದೆ ಈ ಪ್ರಶ್ನೆ ಬಿಡುವುದಿಲ್ಲ.

ಲಿನ್ ಗೋಲ್ಡ್‌ಸ್ಮಿತ್ ಅವರಿಗೆ ಇದಕ್ಕಿಂತ ಹೆಚ್ಚು ನೋವಾಯಿತು. 1981ರಲ್ಲಿ ಅವರು ಗಾಯಕ ಪ್ರಿನ್ಸ್‌ನ ಫೋಟೊ ತೆಗೆದಿದ್ದರು. 1984ರಲ್ಲಿ ಒಂದು ಪತ್ರಿಕೆ, ಒಂದೇ ಸಲ ಬಳಸುತ್ತೇವೆಂದು 400 ಡಾಲರ್ ಕೊಟ್ಟು, ಅದನ್ನು ಆಧರಿಸಿ ಚಿತ್ರ ಮಾಡಲು ಪಾಪ್ ಆರ್ಟ್‌ನ ಹೆಸರಾಂತ ಕಲಾವಿದ ಆಂಡಿ ವಾರ್ಹಾಲ್‌ಗೆ ಹೇಳಿತು. ವಾರ್ಹಾಲ್ ಒಂದರ ಬದಲು ಒಂದು ಸರಣಿಯನ್ನೇ ಮಾಡಿದ. 2016ರಲ್ಲಿ ಪ್ರಿನ್ಸ್ ತೀರಿಕೊಂಡಾಗ ಆ ಸರಣಿಯ ಇನ್ನೊಂದು ಚಿತ್ರ ಮುಖಪುಟಕ್ಕೆ ಬಂತು. ವಾರ್ಹಾಲ್ ಪ್ರತಿಷ್ಠಾನಕ್ಕೆ 10,000 ಡಾಲರ್ ಹೋಯಿತು. ಗೋಲ್ಡ್‌ಸ್ಮಿತ್ ಅವರಿಗೆ ಹಣವೂ ಇಲ್ಲ, ಹೆಸರೂ ಇಲ್ಲ. ಮುಖಪುಟ ನೋಡಿದ ಮೇಲೇ ಅವರಿಗೆ ಸರಣಿಯ ವಿಷಯ ಗೊತ್ತಾದದ್ದು. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-2 ಬಹುಮತದಿಂದ ಅವರ ಪರ ತೀರ್ಪು ಕೊಟ್ಟಿತು. ವಾರ್ಹಾಲ್‌ನ ಕಲೆಯನ್ನು ಕೋರ್ಟ್ ಅಳೆಯಲಿಲ್ಲ. ಪತ್ರಿಕೆಯಲ್ಲಿ ಫೋಟೊ ಮಾಡುವ ಕೆಲಸವನ್ನೇ ಈ ಚಿತ್ರವೂ ಮಾಡಿದೆ, ಹಣವೂ ತಂದಿದೆ, ಹಾಗಾಗಿ ಇದು ನ್ಯಾಯವಾದ ಬಳಕೆ (ಅನುಮತಿ ಇಲ್ಲದೆ ಬಳಸಲು ಕಾನೂನು ಕೊಡುವ ವಿನಾಯಿತಿ) ಅಲ್ಲ ಎಂದಿತು.

ಹಾಗಾಗಿ ತೆಗೆದುಕೊಂಡದ್ದೇ ತಪ್ಪು ಅಂತ ನಾನು ಹೇಳಲಾರೆ. ಮೂಲ ಯಾವುದು ಎಂದು ತಿಳಿದಾಗ ಚಿತ್ರ ದೊಡ್ಡದಾಗುತ್ತದೋ ಸಣ್ಣದಾಗುತ್ತದೋ, ಅದನ್ನು ನೋಡುತ್ತೇನೆ. ಪಿಕಾಸೊನ ಬೆತ್ತ ದೊಡ್ಡದಾಗುತ್ತದೆ, ಹೋಖ್‌ಳ ಮೂಲೆ ದೊಡ್ಡದಾಗುತ್ತದೆ. ಮೂಲವನ್ನು ಮುಚ್ಚಿಟ್ಟರೆ ಮಾತ್ರ ನಿಲ್ಲುವ ಚಿತ್ರಗಳೂ ಇವೆ. ಅವುಗಳ ವಿಷಯದಲ್ಲಿ ನಿಮ್ಮ ಮಾತೇ ಸರಿ.

ಈ ಅಳತೆಯನ್ನು ನಮಗೇ ಹಿಡಿದುಕೊಂಡೆ. ಆರು ಚಿತ್ರಗಳ ಕೆಳಗೆ ಕಲಾವಿದರ ಹೆಸರಿತ್ತು. ಮೂಲ ಫೋಟೊ ಯಾರದ್ದು ಎಂದು ಒಂದರ ಕೆಳಗೂ ಇರಲಿಲ್ಲ. ಕಲಾವಿದರು ಕಳಿಸಿದ್ದ ಪಟ್ಟಿಯಲ್ಲಿ ಆ ವಿವರ ಇತ್ತು, ಪುಟದಲ್ಲಿ ಜಾಗ ಸಾಲದೆಂದು ನಾನೇ ತೆಗೆಸಿದ್ದೆ. ಅದು ನನ್ನ ತಪ್ಪು, ಅವರದ್ದಲ್ಲ. ಈ ಸಂಚಿಕೆಯಲ್ಲಿ ಆರೂ ಚಿತ್ರಗಳನ್ನು ಚಿಕ್ಕದಾಗಿ ಮತ್ತೆ ಹಾಕಿದ್ದೇವೆ, ಪಕ್ಕದಲ್ಲಿ ಮೂಲದ ಫೋಟೊ ಮತ್ತು ತೆಗೆದವರ ಹೆಸರಿನ ಜೊತೆ. ಮೂರನೆಯದನ್ನು ಸ್ವಲ್ಪ ಹೊತ್ತು ನೋಡಿ. ಜಾಹೀರಾತಿನ ಹೆಂಗಸಿನ ನಗು ಮೂಲದಲ್ಲಿ ಹೇಗಿತ್ತು, ಇಲ್ಲಿ ಏನಾಗಿದೆ ಎಂದು ಎರಡನ್ನೂ ಸೇರಿಸಿ ನೋಡಿ. ಆಮೇಲೆ ನಿಮಗೇನನಿಸಿತು ಅಂತ ಮತ್ತೆ ಬರೆಯಿರಿ.

– ಸಂಪಾದಕ