ಪೀಲಿಂಗ್ ನಂತರದ ಉರಿಗೆ ಎಕ್ಟೋಯಿನ್ ಹಚ್ಚಬಹುದೇ?

ನಮಸ್ಕಾರ. ಕೆಮಿಕಲ್ ಪೀಲಿಂಗ್ (ಆಮ್ಲ ಹಚ್ಚಿ ಚರ್ಮದ ಮೇಲ್ಪದರ ಕಳಚಿಸುವ ಚಿಕಿತ್ಸೆ) ಮಾಡಿಸಿಕೊಂಡು ಐದು ದಿನವಾದರೂ ಮುಖ ತೊಳೆದಾಗ ಕೆನ್ನೆ ಉರಿಯುತ್ತದೆ, ಚರ್ಮದ ತೇವ ಕಾಯುವ ಎಕ್ಟೋಯಿನ್ ಎಂಬ ವಸ್ತುವಿನ ಸೀರಮ್ ಹಚ್ಚಬಹುದೇ ಎಂದು ಕೇಳಿದ್ದೀರಿ. ಚರ್ಮ ಒಡೆದು ನೀರು ಒಸರುತ್ತಿಲ್ಲವಾದರೆ, ಪೀಲಿಂಗ್ ಮಾಡಿದ ವೈದ್ಯರಿಗೆ ಒಮ್ಮೆ ತಿಳಿಸಿ ಹಚ್ಚಬಹುದೆಂಬುದು ನನ್ನ ಅಭಿಪ್ರಾಯ.

ಈಜಿಪ್ಟಿನ ವಾದಿ ನತ್ರೂನ್ ಎಂಬ ಉಪ್ಪುಸರೋವರಗಳ ಪ್ರದೇಶದ ಬ್ಯಾಕ್ಟೀರಿಯಾದಲ್ಲಿ ಪತ್ತೆಯಾಗಿ 1985ರಲ್ಲಿ ವರದಿಯಾದ ಈ ವಸ್ತು, ಪ್ರೋಟೀನು ಮತ್ತು ಕೋಶಪೊರೆಯ ಸುತ್ತ ನೀರಿನ ಪದರವನ್ನು ಹಿಡಿದಿಟ್ಟು, ಅಷ್ಟು ಉಪ್ಪಿನ ನಡುವೆಯೂ ಆ ಜೀವಿಯನ್ನು ಒಣಗದಂತೆ ಕಾಯುತ್ತದೆ. ಆಮ್ಲಗಳಂತೆ ಚರ್ಮದ ಪದರವನ್ನು ಕಳಚುವ ಗುಣ ಇದಕ್ಕಿಲ್ಲವಾದ್ದರಿಂದ ಸೂಕ್ಷ್ಮ ಚರ್ಮವೂ ಸಾಮಾನ್ಯವಾಗಿ ಇದನ್ನು ಸಹಿಸುತ್ತದೆ. ಸೀರಮ್‌ಗಳಲ್ಲಿ ಹೆಚ್ಚಾಗಿ ಶೇ. 0.5ರಿಂದ 2ರಷ್ಟಿರುತ್ತದೆ.

ಆದರೆ ಬಾಟಲಿಯ ಹಿಂದಿನ ಪಟ್ಟಿಯನ್ನು ದಯವಿಟ್ಟು ಪೂರ್ತಿ ಓದಿರಿ. ಸುಗಂಧದ್ರವ್ಯ, ವಿಟಮಿನ್ ಸಿ ಅಥವಾ ಗ್ಲೈಕಾಲಿಕ್ ಆಮ್ಲ ಜೊತೆಗಿದ್ದರೆ ಅದು ಈಗ ಬೇಡ. ಮೊದಲು ದವಡೆಯಂಚಿಗೆ ಕಡಲೆಬೇಳೆಯಷ್ಟು ಹಚ್ಚಿ ಒಂದು ದಿನ ಕಾಯಿರಿ. ಉರಿಯದಿದ್ದರೆ, ಮುಖ ಇನ್ನೂ ತೇವವಿರುವಾಗಲೇ ತೆಳುವಾಗಿ ಸವರಿ, ಮೇಲೆ ಸುವಾಸನೆಯಿಲ್ಲದ ಕ್ರೀಮ್ ಹಚ್ಚಿಕೊಳ್ಳಿ.

ಇದು ಸನ್‌ಸ್ಕ್ರೀನ್‌ಗೆ ಬದಲಿಯಲ್ಲ. ಏಳುತ್ತಿರುವ ಸಿಪ್ಪೆಯನ್ನು ಉಗುರಿನಿಂದ ಕೀಳಲೇಬೇಡಿ, ನಮ್ಮಂಥ ಮೈಬಣ್ಣದವರಿಗೆ ಅಲ್ಲಿ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಗುಳ್ಳೆ, ಕೀವು ಅಥವಾ ಊತ ಕಂಡರೆ ಸೀರಮ್ ಬದಿಗಿಟ್ಟು ಅಂದೇ ವೈದ್ಯರಿಗೆ ತೋರಿಸಿರಿ.