ಮ್ಯೂನಿಕ್‌ಗೆ ಹೋದರೆ ಮಗಳ ಓದಿನ ಕಥೆ?

ಪ್ರಶ್ನೆ: ಮೇಡಂ, ನಮ್ಮ ಯಜಮಾನರಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ಮೂರು ವರ್ಷದ ಕೆಲಸ ಸಿಕ್ಕಿದೆ. ಮಗಳು ಈಗ ಮೂರನೇ ಕ್ಲಾಸ್. ಅಲ್ಲಿನ ಸರ್ಕಾರಿ ಶಾಲೆಗೆ ಹಾಕಿದರೆ ಭಾಷೆ ಬರದೆ ಒದ್ದಾಡುತ್ತಾಳಾ? ವಾಪಸ್ ಬಂದಾಗ ಹಿಂದೆ ಬೀಳುತ್ತಾಳಾ? ಇಂಗ್ಲಿಷ್ ಶಾಲೆಯೇ ವಾಸಿನಾ?
– ಒಬ್ಬ ತಾಯಿ, ಹಾಸನ

ಉತ್ತರ: ನನ್ನ ಮಗನೂ ಎರಡನೇ ಕ್ಲಾಸ್ ಮುಗಿಸಿ ಮ್ಯೂನಿಕ್‌ನ ಸರ್ಕಾರಿ ಶಾಲೆಗೇ ಸೇರಿದ್ದ. ಜರ್ಮನ್ ಒಂದಕ್ಷರ ಬರುತ್ತಿರಲಿಲ್ಲ. ಮೊದಲ ಮೂರು ತಿಂಗಳು ಶಾಲೆಯಲ್ಲಿ ಬಾಯೇ ಬಿಡಲಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಪಕ್ಕದ ಮನೆ ಹುಡುಗನ ಜೊತೆ ಜರ್ಮನ್‌ನಲ್ಲೇ ಜಗಳ ಆಡುತ್ತಿದ್ದ! ಭಾಷೆ ಬರದ ಮಕ್ಕಳಿಗೆ ಅಲ್ಲಿ 'ಡಾಯ್ಚ್‌ಕ್ಲಾಸೆ' ಅನ್ನುವ ಬೇರೆ ತರಗತಿ ಇರುತ್ತದೆ. ನಿಮ್ಮ ಮನೆ ಹತ್ತಿರ ಯಾವ ಶಾಲೆಯಲ್ಲಿದೆ ಅಂತ ಮೊದಲೇ ವಿಚಾರಿಸಿ. ಸರ್ಕಾರಿ ಶಾಲೆಗೆ ಫೀಸ್ ಇಲ್ಲ. ಮೂರೇ ವರ್ಷಕ್ಕಾದರೂ ನಾನು ಅದನ್ನೇ ಹೇಳುತ್ತೇನೆ. ಓಣಿಯ ಮಕ್ಕಳೆಲ್ಲ ಅಲ್ಲೇ ಓದುತ್ತಾರೆ, ಮಗಳಿಗೆ ಜೊತೆ ಸಿಗುತ್ತದೆ.

ಯೋಚನೆ ಮಾಡಬೇಕಾದ್ದು ನಾಲ್ಕನೇ ಕ್ಲಾಸಿನ ಬಗ್ಗೆ. ನಮ್ಮಲ್ಲಿ ಹತ್ತನೇ ಕ್ಲಾಸಿನವರೆಗೆ ಎಲ್ಲರಿಗೂ ಒಂದೇ ದಾರಿ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ನಾಲ್ಕಕ್ಕೇ ದಾರಿ ಕವಲೊಡೆಯುತ್ತದೆ: ವಿಶ್ವವಿದ್ಯಾಲಯದ ಕಡೆಗೆ ಒಯ್ಯುವ ಗಿಮ್ನಾಸಿಯಂ, ನಡುವಿನ ದಾರಿಯಾದ ರೆಯಾಲ್‌ಶೂಲೆ, ಕೆಲಸ ಕಲಿಯುವ ಕಡೆಗೆ ಒಯ್ಯುವ ಮಿಟ್ಟೆಲ್‌ಶೂಲೆ. ಅಲ್ಲಿ 1 ಅಂದರೆ ಎಲ್ಲಕ್ಕಿಂತ ಒಳ್ಳೆಯ ಅಂಕ, 6 ಕೊನೆ. ಮೊದಲ ಸಲ ಮಗನಿಗೆ ಲೆಕ್ಕದಲ್ಲಿ 1 ಬಂದಾಗ ಫೋನಿನಲ್ಲಿ ನಮ್ಮತ್ತೆ ಅಳುವುದೊಂದು ಬಾಕಿ. ಜರ್ಮನ್, ಲೆಕ್ಕ, ಪರಿಸರ ಪಾಠ ಮೂರರ ಸರಾಸರಿ 2.33ರೊಳಗೆ ಇದ್ದರೆ ಗಿಮ್ನಾಸಿಯಂ. ನನ್ನ ಮಗನಿಗೆ ಬಂದದ್ದು 2.66. ಅವನ ಜೀವದ ಗೆಳೆಯ ಗಿಮ್ನಾಸಿಯಂಗೆ ಹೋದ, ಇವನು ರೆಯಾಲ್‌ಶೂಲೆಗೆ. ಆ ರಾತ್ರಿ ಅವನು ಊಟ ಮಾಡಲಿಲ್ಲ. ಹತ್ತು ವರ್ಷದ ಮಗುವಿಗೆ ಇದು ತೀರಾ ಬೇಗ ಅಂತ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಮುಂದೆ ದಾರಿ ಬದಲಿಸಲು ಅವಕಾಶ ಉಂಟು, ನಿಜ. ಆದರೂ ಮಗಳನ್ನು ಮತ್ತೆ ಮೂರನೇ ಕ್ಲಾಸಿಗೇ ಸೇರಿಸಿಕೊಳ್ಳಿ ಅಂತ ಶಾಲೆಯವರನ್ನು ಕೇಳಿ ನೋಡಿ. ಒಂದು ವರ್ಷ ದಂಡ ಅಂದುಕೊಳ್ಳಬೇಡಿ, ಅವಳಿಗೆ ಉಸಿರಾಡಲು ಸಮಯ ಸಿಗುತ್ತದೆ.

ಅದೇ ನಾಲ್ಕನೇ ಕ್ಲಾಸಿನಲ್ಲಿ ಸೈಕಲ್ ಪರೀಕ್ಷೆಯೂ ಇದೆ. ಪೊಲೀಸರೇ ಬಂದು ಕಲಿಸುತ್ತಾರೆ. ಹೆಲ್ಮೆಟ್ ಹಾಕಿಕೊಂಡು, ಹಿಂದೆ ತಿರುಗಿ ನೋಡಿ, ಎಡಗೈ ಚಾಚಿ ನನ್ನ ಮಗ ತಿರುವು ತೆಗೆದುಕೊಂಡದ್ದು ಇನ್ನೂ ಕಣ್ಣಲ್ಲಿದೆ. ಇದು ನಮ್ಮ ಶಾಲೆಗಳಿಗೂ ಬರಬೇಕು.

ವಾಪಸ್ ಬಂದಾಗ ಪಾಠಕ್ಕಿಂತ ಬರವಣಿಗೆಯೇ ತೊಂದರೆ ಕೊಟ್ಟಿತು. ಜರ್ಮನಿಯಲ್ಲಿ ದಶಾಂಶಕ್ಕೆ ಚುಕ್ಕಿ ಇಡುವುದಿಲ್ಲ, ಅಲ್ಪವಿರಾಮ ಹಾಕುತ್ತಾರೆ. 3.5 ಅನ್ನು 3,5 ಅಂತ ಬರೆಯುತ್ತಾರೆ. 1ರ ತಲೆಯಿಂದ ಉದ್ದ ಗೆರೆ ಕೆಳಗೆಳೆಯುತ್ತಾರೆ, ನೋಡಿದರೆ ನಮ್ಮ 7! ಇಲ್ಲಿ ಏಳನೇ ಕ್ಲಾಸ್ ಸೇರಿದಾಗ, ಸರಿಯಾದ ಉತ್ತರಕ್ಕೇ ಕೆಂಪು ಗೆರೆ ಬಿತ್ತು. ಟೀಚರ್ ಹತ್ತಿರ ಹೋಗಿ ವಿವರಿಸಿದೆ, ಒಂದು ತಿಂಗಳಲ್ಲಿ ಸರಿಹೋಯಿತು. ಒಂಬತ್ತನೇ ಕ್ಲಾಸಿಗೆ ಮೊದಲು ಬಂದರೆ ಇದೆಲ್ಲ ದೊಡ್ಡದಲ್ಲ.

ಕನ್ನಡ ಮಾತ್ರ ಬಿಡಬೇಡಿ. ಮಾತು ಮನೆಯಲ್ಲೇ ಉಳಿಯುತ್ತದೆ, ಅಕ್ಷರ ಮರೆತುಹೋಗುತ್ತದೆ. ನಾಲ್ಕು, ಐದನೇ ಕ್ಲಾಸಿನ ಕನ್ನಡ ಪುಸ್ತಕ ಸೂಟ್‌ಕೇಸಿಗೆ ಹಾಕಿಕೊಳ್ಳಿ. ನನ್ನ ಮಗ ಪ್ರತಿ ಭಾನುವಾರ ಅಜ್ಜಿಗೆ ಒಂದು ಪುಟ ಕಾಗದ ಬರೆಯುತ್ತಿದ್ದ. ಒತ್ತಕ್ಷರ ತಪ್ಪಿದ್ದರೆ ಅಜ್ಜಿ ಅದನ್ನೇ ತಿದ್ದಿ ಬರೆದು ವಾಪಸ್ ಕಳಿಸುತ್ತಿದ್ದರು.