ಗರಾಜಿನ ಬಾಗಿಲಿನ ಸ್ಪ್ರಿಂಗ್ ತುಂಡಾದರೆ ನಾವೇ ಬದಲಿಸಬಹುದೇ?

ಪ್ರಶ್ನೆ: ನಾವು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ವಾಸವಾಗಿದ್ದೇವೆ. ಕಳೆದ ವಾರ ನಸುಕಿನ ಚಳಿಯಲ್ಲಿ ಗರಾಜಿನಿಂದ ಗುಂಡು ಹಾರಿದಂತಹ ಸದ್ದು ಕೇಳಿಸಿತು. ಹೋಗಿ ನೋಡಿದರೆ, ಬಾಗಿಲಿನ ಮೇಲ್ಭಾಗದ ಅಡ್ಡಕಂಬಿಗೆ ಪೋಣಿಸಿದ್ದ ಎರಡು ಸ್ಪ್ರಿಂಗ್‌ಗಳಲ್ಲಿ ಒಂದು ತುಂಡಾಗಿ, ನಡುವೆ ಎರಡು ಅಂಗುಲದಷ್ಟು ಬಿರುಕು ಬಿಟ್ಟಿತ್ತು. ಬಾಗಿಲು ಉಕ್ಕಿನದು, 16 ಅಡಿ ಅಗಲ, 7 ಅಡಿ ಎತ್ತರ. ಕಾರು ಒಳಗೇ ಸಿಕ್ಕಿಕೊಂಡಿದೆ. ರಿಪೇರಿಯವರು ಸ್ಪ್ರಿಂಗಿನ ಬೆಲೆಯ ಮೂರು ಪಟ್ಟು ಹಣ ಕೇಳುತ್ತಿದ್ದಾರೆ. ಮನೆಯ ನಲ್ಲಿ, ವಿದ್ಯುತ್ ಕೆಲಸಗಳನ್ನೆಲ್ಲ ತಾವೇ ಮಾಡಿಕೊಳ್ಳುವ ನನ್ನ ಪತಿ, ವಿಡಿಯೊ ನೋಡಿಕೊಂಡು ಇದನ್ನೂ ಮಾಡುತ್ತೇನೆ ಎನ್ನುತ್ತಾರೆ. ಊರಿನಿಂದ ಬಂದಿರುವ ಅತ್ತೆ, ಮಾವ ಮತ್ತು ಆರು ವರ್ಷದ ಮಗ ಮನೆಯಲ್ಲಿದ್ದಾರೆ. ಏನು ಮಾಡುವುದು ಸರಿ?

ಉತ್ತರ: ಈ ಕೆಲಸಕ್ಕೆ ತಿಳಿದವರನ್ನೇ ಕರೆಸಿ. ನಿಮ್ಮ ಪತಿಯವರ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಕಾರಣ ಬೇರೆಯೇ ಇದೆ.

ತುಂಡಾದ ಸ್ಪ್ರಿಂಗ್ ಈಗ ನಿರಪಾಯಕಾರಿ, ಅದರ ಬಿಗಿಯೆಲ್ಲ ಆ ಸದ್ದಿನೊಂದಿಗೇ ಹೋಯಿತು. ಅಪಾಯವಿರುವುದು ಪಕ್ಕದಲ್ಲಿ ಇನ್ನೂ ಗಟ್ಟಿಯಾಗಿರುವ ಸ್ಪ್ರಿಂಗಿನಲ್ಲಿ ಮತ್ತು ನೀವು ತಂದು ಬಿಗಿಯಬೇಕಾದ ಹೊಸದರಲ್ಲಿ. ನಿಮ್ಮ ಅಳತೆಯ ಬಾಗಿಲು ಸುಮಾರು 70ರಿಂದ 100 ಕೆ.ಜಿ. ತೂಗುತ್ತದೆ. ಆ ಭಾರವನ್ನು ಹೊರುವುದು ಈ ಸ್ಪ್ರಿಂಗ್‌ಗಳೇ. ಗುಂಡಿ ಒತ್ತಿದಾಗ ಓಡುವ ಮೋಟಾರು ಬರೀ ಎಳೆಯುತ್ತದೆ. ಬಾಗಿಲು ಮುಚ್ಚಿರುವಾಗ ಸ್ಪ್ರಿಂಗ್ ಪೂರ್ತಿ ತಿರುಚಿಕೊಂಡಿರುತ್ತದೆ. ಆಗ ಒಂದೊಂದರಲ್ಲೂ ಅಡಗಿರುವ ಶಕ್ತಿ, 40 ಕೆ.ಜಿ. ತೂಕದ ವಸ್ತುವೊಂದು ಒಂದು ಮೀಟರ್ ಎತ್ತರದಿಂದ ಬಿದ್ದಾಗ ಕೊಡುವ ಪೆಟ್ಟಿಗೆ ಹೆಚ್ಚುಕಡಿಮೆ ಸಮ.

ಈಗ ಕೆಲಸದ ಲೆಕ್ಕ ನೋಡಿ. 7 ಅಡಿ ಎತ್ತರದ ಬಾಗಿಲಿಗೆ ಪ್ರತಿ ಸ್ಪ್ರಿಂಗನ್ನು ಸುಮಾರು ಏಳೂವರೆ ಸುತ್ತು ಬಿಗಿಯಬೇಕು. ಸ್ಪ್ರಿಂಗಿನ ತುದಿಯ ಬಿಲ್ಲೆಯಲ್ಲಿರುವ ತೂತಿಗೆ ಉಕ್ಕಿನ ಸಲಾಕೆ ಸೇರಿಸಿ ಕಾಲು ಸುತ್ತು ತಿರುಗಿಸುವುದು, ಎರಡನೆಯ ಸಲಾಕೆಯನ್ನು ಮುಂದಿನ ತೂತಿಗೆ ಸೇರಿಸುವುದು, ಮೊದಲನೆಯದನ್ನು ತೆಗೆಯುವುದು, ಹೀಗೆ 30 ಬಾರಿ. ಎರಡನ್ನೂ ಬದಲಿಸುವಾಗ ಗಟ್ಟಿಯಾಗಿರುವ ಹಳೆಯದನ್ನು ಬಿಚ್ಚಲು 30 ಬಾರಿ, ಹೊಸವನ್ನು ಬಿಗಿಯಲು 60 ಬಾರಿ. ಏಣಿಯ ಮೇಲೆ ನಿಂತು, 90 ಬಾರಿಯೂ ಸಲಾಕೆ ಜಾರದಂತೆ ಹಿಡಿಯಬೇಕು. 89 ಬಾರಿ ಸರಿಯಾಗಿ ಮಾಡಿ ಒಮ್ಮೆ ಜಾರಿದರೂ ಅದು ಬೀಸಿ ಬಡಿಯುವುದು ಕೈಗೋ ಮುಖಕ್ಕೋ. ಬಿಲ್ಲೆಯನ್ನು ಕಂಬಿಗೆ ಬಿಗಿಹಿಡಿದ ಸ್ಕ್ರೂಗಳನ್ನು ಸಡಿಲಿಸಿದ ಆ ಕ್ಷಣದಲ್ಲಿ ಇಡೀ ಬಿಗಿ ಕೈಯಲ್ಲಿರುವ ಸಲಾಕೆಯ ಮೇಲೆ ಬರುತ್ತದೆ ಎಂಬುದು ಮೊದಲ ಬಾರಿ ಮಾಡುವವರಿಗೆ ಅನುಭವಕ್ಕೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಸಲಾಕೆಯ ಬದಲು ಸ್ಕ್ರೂಡ್ರೈವರ್ ಬಳಸುವವರನ್ನು ಕಂಡರಂತೂ ನನಗೆ ನಿಜಕ್ಕೂ ಭಯವಾಗುತ್ತದೆ. ಎಂಜಿನಿಯರಿಂಗ್ ಜ್ಞಾನದಿಂದ ಇದು ಅರ್ಥವಾಗುತ್ತದೆ. ಕೈಗೆ ಬರುವುದು ಮಾತ್ರ ನೂರಾರು ಬಾಗಿಲುಗಳ ಅಭ್ಯಾಸದಿಂದ.

ಬಾಗಿಲಿನ ಎರಡೂ ಬದಿಯ ಅಡ್ಡ ಹಳಿಗಳ ಉದ್ದಕ್ಕೆ ಎಳೆದು ಕಟ್ಟಿದ ಸ್ಪ್ರಿಂಗ್‌ಗಳಾಗಿದ್ದರೆ ನಾನು ಇಷ್ಟು ಕಟ್ಟುನಿಟ್ಟಾಗಿ ಹೇಳುತ್ತಿರಲಿಲ್ಲ. ಅಂತಹ ಬಾಗಿಲನ್ನು ಇಬ್ಬರು ಸೇರಿ ಪೂರ್ತಿ ಮೇಲೆತ್ತಿ, ಕೆಳಗೆ ಜಾರದಂತೆ ಹಳಿಗೆ ಕ್ಲ್ಯಾಂಪ್ ಬಿಗಿದರೆ ಸ್ಪ್ರಿಂಗಿನ ಬಿಗಿ ಇಳಿಯುತ್ತದೆ; ಎಚ್ಚರವುಳ್ಳವರು ಆಗ ಬದಲಿಸಬಹುದು. ಸ್ಪ್ರಿಂಗಿನೊಳಗೆ ಹಾಯುವ ಸುರಕ್ಷತಾ ತಂತಿಯನ್ನು ಮಾತ್ರ ಬಿಡಬಾರದು.

ಮೆಕ್ಯಾನಿಕ್ ಬರುವವರೆಗೆ ಮೋಟಾರಿನ ಪ್ಲಗ್ ತೆಗೆದಿಡಿ, ಇಲ್ಲವಾದರೆ ಮಾವನವರೋ ಮಗುವೋ ಅರಿಯದೆ ಗುಂಡಿ ಒತ್ತಿಯಾರು. ಬಾಗಿಲಿನ ಕೆಳಮೂಲೆಯಲ್ಲಿ ತಂತಿ ಕಟ್ಟಿರುವ ತಗಡಿನ ಸ್ಕ್ರೂಗಳನ್ನು ಮುಟ್ಟಬೇಡಿ, ಅಲ್ಲಿಯೂ ಅದೇ ಬಿಗಿ ಇರುತ್ತದೆ. ಬಾಗಿಲು ಮೇಲಿರುವಾಗ ಸ್ಪ್ರಿಂಗ್ ಮುರಿದರೆ ಬಾಗಿಲನ್ನು ಮೋಟಾರಿನಿಂದ ಬಿಡಿಸುವ ಕೆಂಪು ಹಗ್ಗ ಎಳೆಯಲೇಬಾರದು. ಬಾಗಿಲು ನೇರವಾಗಿ ಕೆಳಗೆ ಬೀಳುತ್ತದೆ.

ಕೊಡುವ ಹಣಕ್ಕೆ ಪ್ರತಿಫಲ ಸಿಗುವಂತೆ ನೋಡಿಕೊಳ್ಳಿ. ಇನ್ನೆರಡು ಕಡೆ ವಿಚಾರಿಸಿ ದರ ಹೋಲಿಸಿ. ಎರಡೂ ಸ್ಪ್ರಿಂಗ್ ಒಟ್ಟಿಗೇ ಬದಲಿಸಲು ಹೇಳಿ, ಒಂದೇ ವಯಸ್ಸಿನ ಇನ್ನೊಂದೂ ಬಹಳ ಕಾಲ ಉಳಿಯುವುದಿಲ್ಲ. ಸಾಮಾನ್ಯ ಸ್ಪ್ರಿಂಗಿನ ಆಯುಷ್ಯ ಸುಮಾರು 10,000 ಬಾರಿ ತೆರೆದು ಮುಚ್ಚುವಷ್ಟು. ದಿನಕ್ಕೆ ನಾಲ್ಕು ಬಾರಿಯಾದರೆ ಏಳು ವರ್ಷವೂ ತುಂಬುವುದಿಲ್ಲ. ಆದ್ದರಿಂದ ಸ್ವಲ್ಪ ಹೆಚ್ಚು ಕೊಟ್ಟು 20,000 ಬಾರಿಯದನ್ನು ಕೇಳಿ. ಕೆಲಸ ಮುಗಿದ ಮೇಲೆ ಮೋಟಾರಿನಿಂದ ಬಿಡಿಸಿ ಬಾಗಿಲನ್ನು ಕೈಯಿಂದ ಅರ್ಧ ಎತ್ತಿಸಿ. ಅದು ಅಲ್ಲೇ ನಿಂತರೆ ಬಿಗಿ ಸರಿಯಾಗಿದೆ.

ಪ್ರಶ್ನೆ: ದಾವಣಗೆರೆಯ ನಮ್ಮ ಅಂಗಡಿಯ ರೋಲಿಂಗ್ ಶಟರ್ ಈಚೆಗೆ ಎತ್ತಲಾರದಷ್ಟು ಭಾರವಾಗಿದೆ. ಇದಕ್ಕೂ ಸ್ಪ್ರಿಂಗೇ ಕಾರಣವೇ?

ಉತ್ತರ: ಮೊದಲು ಎರಡೂ ಬದಿಯ ಹಳಿಗಳ ಧೂಳು ಒರೆಸಿ ಗ್ರೀಸ್ ಹಚ್ಚಿ ನೋಡಿ. ಆಮೇಲೂ ಭಾರವಾಗಿದ್ದರೆ ಸ್ಪ್ರಿಂಗ್ ಸಡಿಲವಾಗಿರಬಹುದು ಅಥವಾ ತುಂಡಾಗಿರಬಹುದು. ಅದು ತಲೆಯ ಮೇಲಿನ ಉರುಳೆಯೊಳಗೆ ಬಿಗಿದುಕೊಂಡಿರುತ್ತದೆ, ಶಟರಿನ ಇಡೀ ಹಾಳೆಯೂ ಅದಕ್ಕೇ ಸುತ್ತಿಕೊಳ್ಳುತ್ತದೆ. ಮೇಲಿನ ಪೆಟ್ಟಿಗೆಯನ್ನು ನೀವು ಬಿಚ್ಚಬೇಡಿ. ಶಟರ್ ಕೆಲಸದವರನ್ನು ಕರೆಸಿ. ಅಲ್ಲಿಯವರೆಗೆ ಅರ್ಧ ಎತ್ತಿದ ಶಟರಿನ ಕೆಳಗೆ ಯಾರೂ ಬಗ್ಗಿ ಓಡಾಡದಂತೆ ನೋಡಿಕೊಳ್ಳಿ.